ಯಾರೂ ತಪ್ಪು ಹೇಳದ ನಕ್ಷೆ

“ಬಹಳ ಚೆನ್ನಾಗಿದೆ ಮೇಡಂ. ಒಂದು ಗೆರೆ ಕೂಡ ಮುಟ್ಟೋದು ಬೇಡ,” ಎಂದರು ಸರ್ಜನ್ನರು.

“ನೀವು ಕೈ ತೊಳೆಯೋ ಜಾಗ ನೋಡಿದ್ರಾ ಸಾರ್? ಅದು ಸರಿಯಾಗಿದೆಯಾ?”

“ನೋಡಿದೆನಲ್ಲ, ಇಲ್ಲಿ. ಚೆನ್ನಾಗಿದೆ.”

“ನೀವು ಬೆರಳಿಟ್ಟಿರೋದು ಕೊಳೆಬಟ್ಟೆ ಕೋಣೆ ಮೇಲೆ.”

ಸರ್ಜನ್ನರು ಬೆರಳು ತೆಗೆಯಲಿಲ್ಲ. ನಕ್ಷೆಯ ಮೇಲೆ ಇನ್ನಷ್ಟು ಬಗ್ಗಿ ನೋಡಿ, “ಅದೂ ಚೆನ್ನಾಗಿದೆ,” ಎಂದು ಕನ್ನಡಕ ಜೇಬಿಗಿಳಿಸಿ ಹೊರಟೇಹೋದರು.

ಪುಟ್ಟಿಗೆ ಮೊದಲ ಅನುಮಾನ ಬಂದದ್ದು ಆಗಲೇ. ಈ ಸರ್ಜನ್ನರು ಎಂಥ ಆಸಾಮಿ ಎನ್ನುವುದು ಊರಿಗೇ ಗೊತ್ತು. ಕುರ್ಚಿ ಕಿರ್ ಎಂದರೆ ಅದನ್ನು ಮಾಡಿದ ಬಡಗಿಯನ್ನೇ ಕರೆಸುವವರು. ಟಿಕ್ ಟಿಕ್ ಸದ್ದು ತಲೆ ತಿನ್ನುತ್ತದೆ ಎಂದು ಆಪರೇಷನ್ ಥಿಯೇಟರಿನಿಂದ ಗೋಡೆ ಗಡಿಯಾರವನ್ನು ಗಡೀಪಾರು ಮಾಡಿದವರು. ನಲ್ಲಿಯ ಎತ್ತರದ ವಿಷಯಕ್ಕೆ ಪ್ಲಂಬರನ ಜೊತೆ ಮಾತುಬಿಟ್ಟವರು ಇವತ್ತಿಗೂ ಕೂಡಿಲ್ಲ. ಅಂಥ ಮನುಷ್ಯ ಇಡೀ ಹೊಸ ಆಪರೇಷನ್ ವಿಭಾಗದ ನಕ್ಷೆಯನ್ನು ಚಹಾ ಆರುವುದರೊಳಗೆ ಒಪ್ಪಿಕೊಂಡುಬಿಟ್ಟರೆ, ಒಂದೋ ಅವರಿಗೆ ಮೈ ಸರಿಯಿಲ್ಲ, ಇಲ್ಲವೋ ಒಳಗೆ ಬೇರೇನೋ ಬೇಯುತ್ತಿದೆ.

ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ. ನಲವತ್ತು ದಾಟಿದ ಆರ್ಕಿಟೆಕ್ಟ್; ಆಸ್ಪತ್ರೆಯಲ್ಲಿ ಎಲ್ಲರಿಗೂ ಮೇಡಂ. ಅಣ್ಣನ ಮನೆಯ ಮಹಡಿಯ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದರಿಂದ ಕೆಳಗಿನ ಮನೆಯಲ್ಲಿ ಮಾತ್ರ ಹಳೆಯ ಹೆಸರು ಅಳಿದಿರಲಿಲ್ಲ. ಇಲ್ಲಿಯವರೆಗೆ ಅವಳು ಕಟ್ಟಿಸಿದ್ದೆಲ್ಲ ಮನೆಗಳು, ಒಂದಷ್ಟು ಅಂಗಡಿಗಳು, ಒಂದು ಶಾಲೆಯ ಶೌಚಾಲಯ. ಆಸ್ಪತ್ರೆ ಇದೇ ಮೊದಲು. ಊರವರೇ ಸೇರಿ ನಡೆಸುವ ಸಣ್ಣ ಆಸ್ಪತ್ರೆ. ಇದ್ದದ್ದು ಒಂದೇ ಥಿಯೇಟರು. ಹಿಂದಿನ ಖಾಲಿ ಜಾಗದಲ್ಲಿ ಇನ್ನೆರಡು ಥಿಯೇಟರು, ಆಪರೇಷನ್ ಆದವರನ್ನು ಎಚ್ಚರವಾಗುವವರೆಗೆ ಮಲಗಿಸುವ ಕೋಣೆ, ಸಲಕರಣೆ ತೊಳೆದು ಬೇಯಿಸುವ ಕೋಣೆ, ಇಷ್ಟನ್ನು ಸೇರಿಸಬೇಕಿತ್ತು. ನಕ್ಷೆ ಇವಳದೇ ಆಗುತ್ತದೋ ಇಲ್ಲವೋ ಎಂದು ಶುಕ್ರವಾರ ಕಮಿಟಿಯ ಅಧ್ಯಕ್ಷರು ಬಂದು ಹೇಳುವುದಿತ್ತು. ಇವಳದೇ ಆದರೆ ಇನ್ನು ಜೀವನವೆಲ್ಲ ಆಸ್ಪತ್ರೆ ಕಟ್ಟಬಹುದು. ತಪ್ಪಿದರೆ ಮತ್ತೆ ಯಾರದೋ ಅಡಿಗೆಮನೆಯ ಕಟ್ಟೆಯ ಎತ್ತರ.

ಅವಳಿಗೆ ತನ್ನದೇ ಒಂದು ಪದ್ಧತಿ ಇತ್ತು. ಕಾಗದದ ನಕ್ಷೆಯನ್ನು ಅವಳು ನಂಬುತ್ತಿರಲಿಲ್ಲ. ಕಾಗದ ಕೊಟ್ಟರೆ ಜನ ತಲೆಯಾಡಿಸುತ್ತಾರೆ. ಅದೇ ನಕ್ಷೆಯನ್ನು ನೆಲದ ಮೇಲೆ ನಿಜವಾದ ಅಳತೆಯಲ್ಲಿ ಬರೆದು, ಒಳಗೆ ನಿಲ್ಲಿಸಿ, ಓಡಾಡಿ ಎಂದರೆ ಸಾಕು, ಬಾಯಿ ಬಿಚ್ಚುತ್ತಾರೆ. ಗಂಡಹೆಂಡತಿ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಾರೆ, ಅತ್ತೆ ಎದ್ದು ಹೋಗುತ್ತಾರೆ, ಅಲ್ಲಿಗೆ ಮನೆ ಹೇಗಿರಬೇಕೆಂದು ಪುಟ್ಟಿಗೆ ತಿಳಿಯುತ್ತದೆ. ಆಸ್ಪತ್ರೆಗೂ ಅದನ್ನೇ ಮಾಡಿದ್ದಳು. ಹಳೆಯ ಮಂಚಗಳನ್ನು ತುಂಬಿಟ್ಟಿದ್ದ ದೊಡ್ಡ ಹಜಾರವನ್ನು ಖಾಲಿ ಮಾಡಿಸಿ, ನೆಲದ ತುಂಬ ನೀಲಿ ಟೇಪು ಅಂಟಿಸಿ ಗೋಡೆ ಎಳೆದಿದ್ದಳು. ಬಾಗಿಲು ಬರುವ ಕಡೆಯಲ್ಲೆಲ್ಲ ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡುಗಳನ್ನು ಜೋಡಿಯಾಗಿ ನಿಲ್ಲಿಸಿ, ಇವೇ ಬಾಗಿಲ ಪಟ್ಟಿ ಎಂದಿದ್ದಳು.

ಬಂದವರೆಲ್ಲ ಒಳಗೆ ಓಡಾಡಿದರು. ಬಾಯಿ ಮಾತ್ರ ಯಾರೂ ಬಿಚ್ಚಲಿಲ್ಲ.

ಅರಿವಳಿಕೆ ಡಾಕ್ಟರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಜೋಗುಳ ಎಂದೇ. ದಿನವೂ ಜನರನ್ನು ಮಲಗಿಸುವ ಕೆಲಸ, ಅದಕ್ಕೆ ತಕ್ಕ ಮೆತ್ತನೆಯ ದನಿ. ಅವರು ಟೇಪಿನ ಥಿಯೇಟರಿನ ನಡುವೆ ನಿಂತು ಸುತ್ತ ನೋಡಿ, “ಆಹಾ,” ಎಂದರು.

“ಆಹಾ ಅಂದ್ರೆ ಏನು ಡಾಕ್ಟ್ರೇ? ನಿಮ್ಮ ಯಂತ್ರ ಎಲ್ಲಿ ನಿಲ್ಲಿಸ್ತೀರಿ?”

“ಎಲ್ಲಾದ್ರೂ ನಿಲ್ಲಿಸೋಣ ಬಿಡಿ. ಯಂತ್ರಕ್ಕೇನು, ಚಕ್ರ ಇದೆ.”

ಸ್ಟ್ರೆಚರ್ ತಳ್ಳುವ ಡ್ರೈವರಣ್ಣನಂತೂ ಇನ್ನೂ ಒಂದು ಕೈ ಮೇಲು. ಅವನು ಯಾವ ವಾಹನದ ಡ್ರೈವರನೂ ಅಲ್ಲ. ಓಣಿಯ ತಿರುವಿನಲ್ಲಿ ಬಾಯಲ್ಲೇ ಪೀಂ ಪೀಂ ಎನ್ನುತ್ತ ಸ್ಟ್ರೆಚರ್ ಓಡಿಸುವುದರಿಂದ ಬಂದ ಹೆಸರು. ಪುಟ್ಟಿ ಅವನ ಮುಂದೆ ನಿಂತು ಇನ್ನೂ ಬಾಯಿ ತೆರೆದಿರಲಿಲ್ಲ, “ನಂಗೇನೂ ಗೊತ್ತಿಲ್ಲ ಮೇಡಂ,” ಎಂದುಬಿಟ್ಟ.

“ನಾನಿನ್ನೂ ಏನೂ ಕೇಳೇ ಇಲ್ವಲ್ಲೋ!”

“ಕೇಳಿದ್ರೂ ಗೊತ್ತಿಲ್ಲ. ಚೆನ್ನಾಗಿದೆ.”

ಆಮೇಲೆ ಪುಟ್ಟಿಯ ಕಣ್ಣು ಬೇರೆ ಬೇರೆ ಕಡೆ ಓಡತೊಡಗಿತು. ಅವಳು ನರ್ಸುಗಳ ಕೋಣೆಗೆ ಕಾಲಿಟ್ಟರೆ ಮಾತು ತಟ್ಟನೆ ನಿಂತು, ಎಲ್ಲರೂ ಒಟ್ಟಿಗೇ ಹತ್ತಿ ಸುತ್ತಲು ಶುರುಮಾಡುತ್ತಿದ್ದರು. ಕ್ಯಾಂಟೀನಿನಲ್ಲಿ ಸರ್ಜನ್ನರೂ ಜೋಗುಳರೂ ಒಂದೇ ಮೇಜಿನಲ್ಲಿ ತಲೆಗೆ ತಲೆ ಹಚ್ಚಿ ಕೂತಿದ್ದನ್ನು ಕಂಡಳು. ಆ ಇಬ್ಬರು ಥಿಯೇಟರಿನ ಹೊರಗೆ ಒಬ್ಬರಿಗೊಬ್ಬರು ನಮಸ್ಕಾರ ಹೇಳುವುದೂ ಅಪರೂಪ. ಇವಳನ್ನು ನೋಡಿದ್ದೇ ಜೋಗುಳರು ಖಾಲಿ ಲೋಟ ಎತ್ತಿ ಕುಡಿದರು.

ಯೋಚಿಸಿದಷ್ಟೂ ಅವಳಿಗೆ ಒಂದೇ ಕಡೆ ದಾರಿ ಕಾಣುತ್ತಿತ್ತು. ಕೆಲಸ ಆಗಲೇ ಬೇರೆ ಯಾರಿಗೋ ಹೋಗಿದೆ. ಅಧ್ಯಕ್ಷರ ಕಡೆಯವನೊಬ್ಬ ದೊಡ್ಡ ಆರ್ಕಿಟೆಕ್ಟ್ ಎಲ್ಲೋ ಕೂತು ನಿಜವಾದ ನಕ್ಷೆ ಬರೆಯುತ್ತಿದ್ದಾನೆ. ತನ್ನದು ಬರೀ ತೋರಿಕೆಗೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಹೇಗೂ ಕಟ್ಟದ ಕಟ್ಟಡಕ್ಕೆ ತಪ್ಪು ಹುಡುಕಿ ಯಾರು ಯಾಕೆ ಬಾಯಿ ನೋಯಿಸಿಕೊಳ್ಳುತ್ತಾರೆ? ‘ಚೆನ್ನಾಗಿದೆ’ ಎಂದು ತಲೆ ಸವರಿ ಕಳಿಸಿದರೆ ಆಯಿತು.

ಇದೆಲ್ಲ ಹೇಗಾದರೂ ಹಾಳಾಗಲಿ. ಹೊಟ್ಟೆ ಉರಿಸಿದ್ದು ಅತ್ತಿಗೆ.

ಅಣ್ಣನ ಹೆಂಡತಿ ಅದೇ ಥಿಯೇಟರಿನ ಮುಖ್ಯ ನರ್ಸು. ದೊಡ್ಡ ಸಿಸ್ಟರ್ ಎಂದರೆ ಸರ್ಜನ್ನರೂ ಒಂದು ಹೆಜ್ಜೆ ಸರಿದು ದಾರಿ ಕೊಡುತ್ತಿದ್ದರು. ಮನೆಯಲ್ಲಿ ಪುಟ್ಟಿಯ ಚಪ್ಪಲಿ ಬಿಟ್ಟ ಜಾಗದಿಂದ ಹಿಡಿದು ಅವಳು ಬಾಗಿಲು ಹಾಕುವ ಸದ್ದಿನವರೆಗೆ ಅತ್ತಿಗೆಯ ಬಾಯಿಗೆ ಸಿಗದೆ ಉಳಿದದ್ದು ಯಾವುದೂ ಇರಲಿಲ್ಲ. ಅಂಥ ಅತ್ತಿಗೆ ಟೇಪಿನ ಗೋಡೆಗಳ ನಡುವೆ ನಡೆದು, ಒಂದು ಕಡೆ ಮಾತ್ರ ಸ್ವಲ್ಪ ನಿಂತು, ಉಗುಳು ನುಂಗಿ, “ಚೆನ್ನಾಗಿ ಮಾಡಿದೀಯ ಪುಟ್ಟಿ,” ಎಂದಿದ್ದರು.

ಗುರುವಾರ ಸಂಜೆ ಡ್ಯೂಟಿ ಮುಗಿಸಿ ಬಂದ ಅತ್ತಿಗೆಗೆ ಪುಟ್ಟಿಯೇ ಚಹಾ ಮಾಡಿ ಕೊಟ್ಟಳು. ಅಣ್ಣ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ.

“ಅತ್ತಿಗೆ, ನಾಳೆ ಏನಾಗಬಹುದು?”

“ಏನಾಗುತ್ತೆ? ಅಧ್ಯಕ್ಷರು ಬರ್ತಾರೆ, ನೋಡ್ತಾರೆ.”

“ಬೇರೆ ಯಾರದ್ದಾದ್ರೂ ನಕ್ಷೆ ಇದೆಯಾ?”

“ನಂಗ್ಯಾಕೆ ಗೊತ್ತಾಗುತ್ತೆ? ನಾನು ನರ್ಸು.” ಅತ್ತಿಗೆ ಲೋಟ ಬರಿದು ಮಾಡಿ ಕೆಳಗಿಟ್ಟರು. “ಚಹಾ ಚೆನ್ನಾಗಿದೆ.”

ಅಣ್ಣ ಪೇಪರಿನ ಹಿಂದೆ ಇನ್ನಷ್ಟು ಕೆಳಗೆ ಜಾರಿದ. ಗುಟ್ಟು ಕಾಯುವುದು ಅವನಿಗೆ ಹುಟ್ಟಾ ಬರುತ್ತಿರಲಿಲ್ಲ. ಏನಾದರೂ ಮುಚ್ಚಿಡಬೇಕಾದಾಗ ಹೀಗೆಯೇ ಜಾರುತ್ತಿದ್ದ.

ಪುಟ್ಟಿ ಮಹಡಿಗೆ ಬಂದು ತನ್ನ ಲೋಟ ಬಾಯಿಗಿಟ್ಟಳು. ಮುಖ ಕಿವುಚಿಕೊಂಡಳು. ಯೋಚನೆಯಲ್ಲಿ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಸಕ್ಕರೆ ಒಂದು ಕಾಳು ಕಡಿಮೆಯಾದರೆ ಲೋಟ ವಾಪಸು ಕಳಿಸುವ ಅತ್ತಿಗೆ ಈ ಕಷಾಯವನ್ನು ತಳ ಕಾಣುವವರೆಗೆ ಕುಡಿದು ಚೆನ್ನಾಗಿದೆ ಎಂದಿದ್ದಾರೆ! ‘ಪಾಪ, ನಾಳೆ ಹೇಗೂ ಕಣ್ಣೀರು ಹಾಕುವವಳು, ಇವತ್ತಾದರೂ ನೆಮ್ಮದಿಯಾಗಿರಲಿ’ ಎನ್ನುವ ಕರುಣೆ ಇದು. ಪುಟ್ಟಿಗೆ ಬೈಗುಳ ಹೊಸದಲ್ಲ, ಅದು ನುಂಗಿ ಅಭ್ಯಾಸವಾಗಿತ್ತು. ಅತ್ತಿಗೆಯ ಕರುಣೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

‘ಸಕ್ಕರೆಯಿಲ್ಲದ ಚಹಾ ಚೆನ್ನಾಗಿದೆ ಅನ್ನುವವರು ಇನ್ನೂ ಏನೇನು ಚೆನ್ನಾಗಿದೆ ಅನ್ನಬಹುದು? ನೋಡೇಬಿಡೋಣ.’

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಜಾರಕ್ಕೆ ಹೋಗಿ ಅವಳು ಒಂದೇ ಒಂದು ಬದಲಾವಣೆ ಮಾಡಿದಳು. ಥಿಯೇಟರಿನಿಂದ ಎಚ್ಚರದ ಕೋಣೆಗೆ ಹೋಗುವ ಬಾಗಿಲಿನ ಎರಡು ಸ್ಟ್ಯಾಂಡುಗಳನ್ನು ಹತ್ತಿರಕ್ಕೆ ಸರಿಸಿ, ಟೇಪನ್ನೂ ಅಲ್ಲಿಯವರೆಗೆ ಎಳೆದಳು. ಮನುಷ್ಯ ಹೋಗಬಹುದು, ತುಸು ಸಪೂರ ಇದ್ದರೆ. ಸ್ಟ್ರೆಚರ್ ಹೋಗಲು ಸಾಧ್ಯವೇ ಇಲ್ಲ. ಕುರುಡನಿಗೂ ಕಾಣುವಂಥ ತಪ್ಪು.

ಅಂದಿನ ಆಪರೇಷನ್ ಪಟ್ಟಿ ಬೇಗ ಮುಗಿದಿತ್ತು. ಅಧ್ಯಕ್ಷರು ಮಧ್ಯಾಹ್ನ ಬರುವ ಮೊದಲು ಒಂದು ಸಲ ಆಟದ ಆಪರೇಷನ್ ಮಾಡಿ ನೋಡೋಣ ಎಂದು ಪುಟ್ಟಿ ಎಲ್ಲರನ್ನೂ ಕರೆದಳು. ಎಲ್ಲರೂ ಬಂದರು, ಅದೂ ನಗುನಗುತ್ತಾ. ರೋಗಿ ಯಾರಾಗಬೇಕು ಎಂದಾಗ ಜೋಗುಳರು ತಾವೇ ಸ್ಟ್ರೆಚರಿನ ಮೇಲೆ ಮಲಗಿದರು.

“ದಿನಾ ಇನ್ನೊಬ್ರನ್ನ ಮಲಗಿಸಿ ಸಾಕಾಗಿದೆ. ಏಳಿಸ್ಬೇಡಿ.”

ಸರ್ಜನ್ನರು ಗಾಳಿಯಲ್ಲಿ ಅವರ ಹೊಟ್ಟೆ ಕೊಯ್ದು ಗಾಳಿಯಲ್ಲೇ ಹೊಲಿದರು. “ಮುಗೀತು, ಕರ್ಕೊಂಡು ಹೋಗಿ. ಹೊಟ್ಟೇಲಿ ಬೋಂಡ ಬಿಟ್ರೆ ಏನೂ ಸಿಗ್ಲಿಲ್ಲ,” ಎಂದರು. ಡ್ರೈವರಣ್ಣ ಪೀಂ ಪೀಂ ಎಂದು ಸ್ಟ್ರೆಚರ್ ತಿರುಗಿಸಿದ. ಅತ್ತಿಗೆ ಪಕ್ಕದಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು ನಡೆದರು.

ಬಾಗಿಲ ಮುಂದೆ ಬಂದಾಗ ಡ್ರೈವರಣ್ಣನ ಕಾಲು ಒಂದು ಕ್ಷಣ ನಿಂತಿತು. ಅವನು ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಸರ್ಜನ್ನರ ಮುಖ ನೋಡಿದರು. ಸರ್ಜನ್ನರು ಚಾವಣಿ ನೋಡಿದರು. ಆಮೇಲೆ ನಡೆದದ್ದನ್ನು ಪುಟ್ಟಿ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತಳು. ಮಲಗಿದ್ದ ಜೋಗುಳರು ತಾವಾಗಿಯೇ ಎರಡೂ ಮೊಣಕೈ ಒಳಗೆಳೆದು, ಉಸಿರು ಬಿಗಿಹಿಡಿದು, ಮೀನಿನ ಹಾಗೆ ಮಗ್ಗುಲಾದರು. ಡ್ರೈವರಣ್ಣ ಸ್ಟ್ರೆಚರಿನ ಒಂದು ಬದಿಯ ಚಕ್ರಗಳನ್ನು ನೆಲದಿಂದ ಎತ್ತಿದ. ಇನ್ನೊಂದು ಕಡೆಯಿಂದ ಸರ್ಜನ್ನರು, ಹೌದು, ಸಾಕ್ಷಾತ್ ಸರ್ಜನ್ನರೇ, ಹೆಗಲು ಕೊಟ್ಟರು. ಸ್ಟ್ರೆಚರ್ ಓರೆಯಾಗಿ ಆ ಸಂದಿಗೆ ನುಗ್ಗಿತು. ಒಂದು ಸ್ಟ್ಯಾಂಡು ತಗಲಿ ವಾಲಿತು. ಅತ್ತಿಗೆ ತಿರುಗಿಯೂ ನೋಡದೆ ಎಡಗೈಯಲ್ಲಿ ಅದನ್ನು ಹಿಡಿದು, ಆಚೆ ದಾಟಿದ ಮೇಲೆ ಮತ್ತೆ ಅದೇ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದರು.

“ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ,” ಎಂದ ಡ್ರೈವರಣ್ಣ, ಹಣೆಯ ಬೆವರು ಒರೆಸಿಕೊಳ್ಳುತ್ತ.

“ಬಾಗಿಲು ಚೆನ್ನಾಗಿದೆ,” ಎಂದರು ಸರ್ಜನ್ನರು ಏದುಸಿರಿನಲ್ಲಿ.

“ಬಹಳ ಚೆನ್ನಾಗಿದೆ,” ಎಂದರು ಜೋಗುಳರು ಮಗ್ಗುಲಲ್ಲೇ.

ಪುಟ್ಟಿ ಬಾಗಿಲ ಕಡೆ ಕೈ ತೋರಿಸಿದಳು. “ಆ ಬಾಗಿಲು ತಪ್ಪು,” ಎಂದಳು. “ನಾನೇ ಬೆಳಿಗ್ಗೆ ಬಂದು ಬೇಕಂತಲೇ ಸಣ್ಣದು ಮಾಡಿದೆ. ನೀವೆಲ್ಲ ಸೇರಿ ನನ್ನ ಕಣ್ಣಿಗೆ ಮಣ್ಣೆರಚ್ತಾ ಇದೀರಿ ಅಂತ ಅನುಮಾನ ಇತ್ತು. ಈಗ ಅನುಮಾನ ಇಲ್ಲ.”

ಜೋಗುಳರು ನಿಧಾನವಾಗಿ ಎದ್ದು ಕೂತರು.

“ಏನಂದ್ರಿ? ನಮ್ಮನ್ನ ಪರೀಕ್ಷೆ ಮಾಡಿದ್ರಾ?” ಸರ್ಜನ್ನರ ಮೂಗಿನ ಹೊಳ್ಳೆ ಅರಳಿತು. “ನಾನು ಇಪ್ಪತ್ತು ವರ್ಷದಿಂದ...”

“ನೀವು ಸುಮ್ನಿರಿ ಸಾರ್,” ಎಂದರು ಅತ್ತಿಗೆ. ಆ ದನಿಗೆ ಸರ್ಜನ್ನರು ನಿಜಕ್ಕೂ ಸುಮ್ಮನಾದರು. ಅತ್ತಿಗೆ ಬಾಟಲಿಯನ್ನು ಸ್ಟ್ರೆಚರಿನ ಮೇಲೆ ಕುಕ್ಕಿ ಪುಟ್ಟಿಯ ಎದುರಿಗೆ ಬಂದರು. “ಮನೆಯವಳು ಅಂತ ನಾನು ಬಾಯಿಗೆ ಬೀಗ ಹಾಕ್ಕೊಂಡು ಓಡಾಡಿದ್ರೆ, ನೀನು ನಂಗೇ ಬಲೆ ಬೀಸ್ತೀಯಾ?”

“ಯಾಕೆ ಬೀಗ ಹಾಕ್ಕೊಂಡ್ರಿ? ಅದನ್ನ ಹೇಳಿ ಮೊದಲು! ಕೆಲಸ ಬೇರೆಯವರಿಗೆ ಹೋಗಿದೆ ಅಂತ ಒಂದು ಮಾತು ಹೇಳಿದ್ರೆ ನಾನೇನು ಸಾಯ್ತಿದ್ನಾ? ಸಕ್ಕರೆ ಇಲ್ಲದ ಚಹಾ ಕುಡಿದು ಚೆನ್ನಾಗಿದೆ ಅಂದ್ರಲ್ಲ, ಅಷ್ಟು ಪಾಪ ಅನ್ನಿಸ್ತಾ ನನ್ನ ನೋಡಿ?”

“ಅದೂ ಬೇಕಂತಲೇ ಮಾಡಿದ್ದಾ? ಥೂ ನಿನ್ನ! ವಿಷದ ಹಾಗಿತ್ತು!”

“ಅದು ಮರೆತದ್ದು!”

“ಮರೆತದ್ದಂತೆ! ಮತ್ತೆ, ಯಾರಿಗೆ ಹೋಗಿದೆ ಕೆಲಸ? ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳ್ಲಿಲ್ಲ. ನಿಮ್ಮ ನಡವಳಿಕೆ ಹೇಳ್ತು.”

ಅತ್ತಿಗೆ ಹಣೆ ಚಚ್ಚಿಕೊಂಡರು. ಜೋಗುಳರೇ ತಮ್ಮ ಮೆತ್ತನೆಯ ದನಿಯಲ್ಲಿ ಬಿಡಿಸಿ ಹೇಳಿದರು. ಇದಕ್ಕೆ ಮೊದಲೂ ಎರಡು ಸಲ ನಕ್ಷೆ ಬಂದಿತ್ತಂತೆ. ಮೊದಲನೆಯ ಸಲ ಸರ್ಜನ್ನರು ನಲ್ಲಿ ಆ ಕಡೆ ಬೇಕೆಂದರು, ಜೋಗುಳರು ಈ ಕಡೆ ಬೇಕೆಂದರು, ದೊಡ್ಡ ಸಿಸ್ಟರ್ ಎರಡೂ ಕಡೆ ಬೇಡವೆಂದರು. ಅಧ್ಯಕ್ಷರು ಎಲ್ಲವನ್ನೂ ಕೇಳಿ, “ನಿಮ್ಮನಿಮ್ಮಲ್ಲೇ ಒಪ್ಪಿಗೆಯಿಲ್ಲ, ಒಪ್ಪಿಗೆಯಾದ ಮೇಲೆ ನೋಡೋಣ,” ಎಂದು ಎದ್ದುಹೋದರು. ಎರಡನೆಯ ಸಲವೂ ಹಾಗೆಯೇ. ಆ ನಕ್ಷೆಗಳು ಎಲ್ಲಿ ಹೋದವೋ, ಇವರು ಮಾತ್ರ ಒಂದೇ ಥಿಯೇಟರಿನಲ್ಲಿ ಉಳಿದರು. ಒಳಗೊಬ್ಬರ ಹೊಟ್ಟೆ ತೆರೆದಿರುವಾಗ ಹೊರಗೆ ಇನ್ನೊಬ್ಬರು ಬಂದು, ಓಣಿಯಲ್ಲಿ ಸ್ಟ್ರೆಚರಿನ ಮೇಲೆ ನರಳುತ್ತ ಕಾಯುತ್ತಾರೆ. ಕಾಯಲಾಗದವರನ್ನು ಪಕ್ಕದ ಊರಿಗೆ ಕಳಿಸಬೇಕು.

“ದಾರೀಲೇ ಹೋದೋರೂ ಇದಾರೆ ಮೇಡಂ,” ಎಂದ ಡ್ರೈವರಣ್ಣ. ಅವನ ದನಿಯಲ್ಲಿ ಆಟ ಇರಲಿಲ್ಲ.

“ಅದಕ್ಕೇ ಈ ಸಲ ಮಾತು ಮಾಡ್ಕೊಂಡ್ವಿ,” ಎಂದರು ಅತ್ತಿಗೆ. “ಯಾರು ಏನೇ ಬರೀಲಿ, ಚೆನ್ನಾಗಿದೆ ಅನ್ನೋದು. ಕಟ್ಟಡ ಏಳಲಿ ಮೊದಲು. ಆಮೇಲೆ ಬೇಕಾದ್ದು ಒಡೆದು ಸರಿಮಾಡ್ಕೊಳ್ಳೋಣ ಅಂತ.”

“ಒಡೆದು?” ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಅತ್ತಿಗೆ, ಆ ಗೋಡೆಗಳ ಒಳಗೆ ಆಕ್ಸಿಜನ್ ಪೈಪು ಹೋಗುತ್ತೆ, ಕರೆಂಟು ಹೋಗುತ್ತೆ. ಮೇಲೆ ಗಾಳಿಯ ಕೊಳವೆ. ಇದೇನು ನಮ್ಮ ಬಚ್ಚಲಮನೆಯಾ, ಸುತ್ತಿಗೆ ತಗೊಂಡು ಒಡೆಯೋಕೆ? ನನಗೊಬ್ಬಳಿಗಾದ್ರೂ ಹೇಳಬಾರ್ದಿತ್ತಾ?”

“ನಿಂಗೆ ಹೇಳಿದ್ರೆ ಅಧ್ಯಕ್ಷರಿಗೆ ಹೇಳಿದ ಹಾಗೇ. ಒಳಗಿರೋದೆಲ್ಲ ನಿನ್ನ ಮುಖದ ಮೇಲೆ ಬರುತ್ತೆ. ನಿಮ್ಮಣ್ಣನ ಮುಖವೇ ನಿಂಗೂ ಬಂದಿರೋದು.”

ಪುಟ್ಟಿ ಟೇಪಿನ ಗೋಡೆಗಳನ್ನು ಸುತ್ತ ನೋಡಿದಳು. ಅವಳಿಗೆ ಈಗ ಹಿಂದಿನದಕ್ಕಿಂತ ದೊಡ್ಡ ಅನುಮಾನ ಶುರುವಾಗಿತ್ತು. ಬೆಳಿಗ್ಗೆ ಬೇಕೆಂದು ಮಾಡಿದ ತಪ್ಪು ಅವಳಿಗೆ ಗೊತ್ತು. ಬೇಡವೆಂದರೂ ಆಗಿರುವ ತಪ್ಪುಗಳು ಎಷ್ಟಿವೆ? ಇವರೆಲ್ಲ ನಗುತ್ತ ದಾಟಿಕೊಂಡು ಹೋದದ್ದು ಯಾವುದನ್ನೆಲ್ಲ? ಆ ತಪ್ಪುಗಳ ಮೇಲೆ ನಾಳೆ ನಿಜವಾದ ಸ್ಟ್ರೆಚರ್ ಓಡುತ್ತದೆ, ಅದರ ಮೇಲೆ ಮಲಗಿದವರಿಗೆ ಮೊಣಕೈ ಒಳಗೆಳೆದುಕೊಳ್ಳುವ ಪ್ರಜ್ಞೆ ಇರುವುದಿಲ್ಲ.

“ಈಗ ಹೇಳಿ,” ಎಂದಳು. “ಅಧ್ಯಕ್ಷರು ಬರೋದ್ರೊಳಗೆ ಎಲ್ಲಾ ಹೇಳಿ. ಅತ್ತಿಗೆ, ಅವತ್ತು ನೀವು ಒಂದು ಕಡೆ ನಿಂತ್ರಿ. ಎಚ್ಚರದ ಕೋಣೇಲಿ. ಯಾಕೆ ನಿಂತ್ರಿ?”

ಅತ್ತಿಗೆ ಸರ್ಜನ್ನರ ಕಡೆ ನೋಡಿದರು. ಮಾತು ಮುರಿಯಬೇಕೋ ಬೇಡವೋ ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ತಡೆಯಲಾಗದೆ ಹೋದದ್ದು ಸರ್ಜನ್ನರಿಗೇ. ಪಾಪ, ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದೇ ಅವರ ಪಾಲಿಗೆ ದೊಡ್ಡ ತಪಸ್ಸು.

“ರೀ ಮೇಡಂ, ನಾನು ಕೈ ತೊಳೆದು ಹೀಗೆ ಮೇಲೆತ್ತಿಕೊಂಡು ಬರ್ತೀನಿ. ಏನನ್ನೂ ಮುಟ್ಟೋ ಹಾಗಿಲ್ಲ. ನಿಮ್ಮ ಬಾಗಿಲು ನೋಡಿದ್ರೆ ನನ್ನ ಕಡೆಗೇ ತೆರೆಯುತ್ತೆ! ನಾನೇನು ಹಲ್ಲಲ್ಲಿ ಕಚ್ಚಿ ಎಳೀಲಾ?”

ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು.

“ಇದೊಂದು ಕಂಬ ನಿಲ್ಲಿಸಿದೀಯಲ್ಲ ಪುಟ್ಟಿ, ಯಾವ ಪುರುಷಾರ್ಥಕ್ಕೆ?” ಅತ್ತಿಗೆ ಎಚ್ಚರದ ಕೋಣೆಯಲ್ಲಿ ಕಂಬವೆಂದು ಟೇಪಿನಲ್ಲಿ ಎಳೆದಿದ್ದ ಚೌಕದ ಬಳಿಗೆ ಓಡಿದರು. “ಇಲ್ಲಿ ನರ್ಸು ಕೂತ್ರೆ ಆ ಗೋಡೆ ಪಕ್ಕದ ಮಂಚ ಕಾಣೋದೇ ಇಲ್ಲ. ಎಚ್ಚರ ಬರೋವಾಗ ವಾಂತಿ ಮಾಡ್ಕೊಂಡು ಉಸಿರು ಕಟ್ಟಿದ್ರೆ ಕಂಬ ಬಂದು ಹೇಳುತ್ತಾ?”

“ಕಂಬ ತೆಗೆಯೋಕಾಗಲ್ಲ ಅತ್ತಿಗೆ, ಮೇಲಿನ ಚಾವಣಿ ಅದರ ಮೇಲೇ ನಿಲ್ಲೋದು.”

“ಹಾಗಾದ್ರೆ ನಾವೆಲ್ಲ ಒಂದು ಕಣ್ಣು ಆ ಕಡೆ ಒಂದು ಕಣ್ಣು ಈ ಕಡೆ ಇಟ್ಕೋಬೇಕಾ?”

“ಮೇಜನ್ನ ಇತ್ತ ತಂದ್ರೆ? ಇಲ್ಲಿ ಕೂತ್ಕೊಳ್ಳಿ. ಈಗ ಕಾಣುತ್ತಾ?”

ಅತ್ತಿಗೆ ಗಾಳಿಯ ಕುರ್ಚಿಯಲ್ಲಿ ಕೂತ ಹಾಗೆ ಬಗ್ಗಿ ಕತ್ತು ಚಾಚಿದರು. “ಕಾಣುತ್ತೆ. ಆದ್ರೆ ಔಷಧಿ ಬೀರು ಬೆನ್ನ ಹಿಂದೆ ಹೋಯ್ತು.”

“ಕೊಳೆಬಟ್ಟೆ ಗಾಡಿ ಸಾರ್ ಕೈ ತೊಳೆಯೋ ಜಾಗದ ಮುಂದೇನೇ ಹೋಗ್ಬೇಕು ಮೇಡಂ,” ಎಂದ ಡ್ರೈವರಣ್ಣ. “ಸಾರ್ ನನ್ನ ಬೈದೇ ಸಾಯಿಸ್ತಾರೆ.”

“ನನ್ನ ಯಂತ್ರಕ್ಕೆ ಚಕ್ರ ಇದೆ ನಿಜ,” ಎಂದರು ಜೋಗುಳರು, ಇದ್ದಕ್ಕಿದ್ದಂತೆ ದನಿಯೇರಿಸಿ, “ಅದರ ಪೈಪಿಗೆ ಚಕ್ರ ಇಲ್ಲ! ಓಡಾಡೋ ದಾರಿಗೆ ಅಡ್ಡ ಬೀಳುತ್ತೆ. ಯಾರಾದ್ರೂ ಎಡವಿದ್ರೆ ರೋಗಿ ಉಸಿರೇ ಹೋಯ್ತು. ಜೊತೆಗೆ ನಂಗೊಂದು ಕಿಟಕಿ ಬೇಕು.”

“ಕಿಟಕಿ ಆಗಲ್ಲ ಡಾಕ್ಟ್ರೇ. ಪೈಪು ಮೇಲಿಂದ ಇಳಿಸ್ತೀನಿ.”

“ಕಿಟಕಿ ಯಾಕೆ ಆಗಲ್ಲ?”

“ಧೂಳು ನಿಮ್ಮಪ್ಪ ತೆಗೀತಾರಾ?” ಎಂದರು ಸರ್ಜನ್ನರು.

ಟೇಪು ಕಿತ್ತುಬಂತು, ಬೇರೆ ಕಡೆ ಅಂಟಿತು. ಪುಟ್ಟಿ ನೆಲದ ಮೇಲೆ ಮಂಡಿಯೂರಿ ಒಂದು ಬಾಗಿಲು ತಿರುಗಿಸುವುದರೊಳಗೆ ಅತ್ತಿಗೆ ಇನ್ನೊಂದು ಗೋಡೆ ಕಿತ್ತಿದ್ದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದು, ಕೊನೆಗೆ ಯಾರು ಯಾರನ್ನು ಬೈಯುತ್ತಿದ್ದಾರೆ ಎನ್ನುವುದೇ ಗೊತ್ತಾಗದಷ್ಟು ಗದ್ದಲ.

“ಬುದ್ಧಿ ಎಲ್ಲಿ ಮೇಯೋಕೆ ಕಳಿಸಿದ್ದೆ ಈ ಬೀರು ಇಲ್ಲಿ ಬರೆಯೋವಾಗ?” ಎಂದು ಅತ್ತಿಗೆ ಕೈಯಲ್ಲಿ ಟೇಪಿನ ಉಂಡೆ ಹಿಡಿದು ಕೂಗುತ್ತಿದ್ದಾಗ ಡ್ರೈವರಣ್ಣ ಕೆಮ್ಮಿದ. ಎಲ್ಲರೂ ತಿರುಗಿದರು. ಹಜಾರದ ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು.

ಮರದ ವ್ಯಾಪಾರ ಮಾಡಿ ದೊಡ್ಡವರಾದ ಎತ್ತರದ ಮುದುಕರು. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ದೇವರಿಗೇ ಗೊತ್ತು.

“ಏನು ನಡೀತಿದೆ ಇಲ್ಲಿ?” ಎಂದರು.

ಪುಟ್ಟಿ ಮಂಡಿಯೂರಿದ್ದಲ್ಲಿಂದ ಎದ್ದಳು. ಜೋಗುಳರು ಅಭ್ಯಾಸಬಲದಿಂದ ಮತ್ತೆ ಸ್ಟ್ರೆಚರಿನ ಮೇಲೆ ಮಲಗಿಬಿಟ್ಟರು. ಅತ್ತಿಗೆ ಟೇಪಿನ ಉಂಡೆಯನ್ನು ಬೆನ್ನ ಹಿಂದೆ ಅಡಗಿಸಿ, “ಎಲ್ಲಾ ಚೆನ್ನಾಗಿ...” ಎಂದು ಶುರುಮಾಡಿದರು.

ಅಷ್ಟರಲ್ಲಿ ಅತ್ತಿಗೆಯ ಫೋನು ಹೊಡೆದುಕೊಂಡಿತು. ಹೆರಿಗೆ ವಾರ್ಡಿನಿಂದ, ಮಗು ಅಡ್ಡ ತಿರುಗಿದೆ, ಕಾಯುವ ಹಾಗಿಲ್ಲ. ಅತ್ತಿಗೆ ಎರಡೇ ಮಾತು ಹೇಳಿದರು. ಸರ್ಜನ್ನರು ಆಗಲೇ ಓಡುತ್ತಿದ್ದರು, ಜೋಗುಳರು ಜಿಗಿದಿಳಿದು ಅವರ ಹಿಂದೆ, ಆಮೇಲೆ ಅತ್ತಿಗೆ, ಡ್ರೈವರಣ್ಣ ಸ್ಟ್ರೆಚರ್ ಸಮೇತ. ಈ ಸಲ ಅವನು ಪೀಂ ಪೀಂ ಎನ್ನಲಿಲ್ಲ. ಹಜಾರದಲ್ಲಿ ಅಧ್ಯಕ್ಷರು ಮತ್ತು ಪುಟ್ಟಿ ಇಬ್ಬರೇ ಉಳಿದರು.

ಅಧ್ಯಕ್ಷರು ನಿಧಾನವಾಗಿ ಒಳಗೆ ಬಂದು ಕಿತ್ತುಹೋದ ಗೋಡೆಗಳನ್ನು ನೋಡಿದರು.

“ಒಂದು ಮಾತು ಹೇಳ್ತೀನಮ್ಮಾ, ಬೇಜಾರು ಮಾಡ್ಕೋಬೇಡ. ನಾನಿವತ್ತು ಬಂದದ್ದು ಬೇರೆಯವರನ್ನ ನೋಡ್ಕೋತೀವಿ ಅಂತ ಹೇಳೋದಕ್ಕೆ.”

‘ಅಂದರೆ ನನ್ನ ಅನುಮಾನ ಪೂರ್ತಿ ಸುಳ್ಳಲ್ಲ,’ ಅಂದುಕೊಂಡಳು ಪುಟ್ಟಿ.

“ಯಾರನ್ನ ಕೇಳಿದ್ರೂ ಒಂದೇ ಮಾತು. ಚೆನ್ನಾಗಿದೆ, ಚೆನ್ನಾಗಿದೆ. ಈ ಸರ್ಜನ್ ಹುಟ್ಟಿದಾಗಿಂದ ಯಾವುದನ್ನಾದ್ರೂ ಚೆನ್ನಾಗಿದೆ ಅಂದವನಾ? ನನಗೆ ಮರದ ವ್ಯಾಪಾರ ಗೊತ್ತು. ನಾಲ್ಕು ಜನ ಸೇರಿ ಒಂದು ದಿಮ್ಮೀನ ಒಂದೇ ಬಾಯಲ್ಲಿ ಹೊಗಳಿದ್ರೆ, ಒಳಗೆ ಟೊಳ್ಳು ಅಂತ ಲೆಕ್ಕ. ದೊಡ್ಡ ಸಿಸ್ಟರಿಗೆ ನೀನು ನಾದಿನಿ ಅಲ್ವಾ? ಆಕೆಗೆ ಹೆದರಿ ಎಲ್ಲರೂ ಹೂಂಗುಟ್ತಿದಾರೆ ಅಂದುಕೊಂಡೆ.”

ಈ ಕಟ್ಟಡ ಏಳಲಿ ಎಂದು ಆ ನಾಲ್ವರು ಪಟ್ಟ ಪಾಡೇ ಕಟ್ಟಡಕ್ಕೆ ಕುತ್ತಾಗಿತ್ತು. “ಅವರು ಹೆದರಿದ್ದು ನಿಮಗೆ,” ಎಂದಳು ಪುಟ್ಟಿ. “ತಪ್ಪು ಹೇಳಿದ್ರೆ, ಒಪ್ಪಿಗೆ ಇಲ್ಲ ಅಂತ ನೀವು ಮತ್ತೆ ಮುಂದೂಡ್ತೀರಿ ಅಂತ.”

ಮುದುಕರು ತಲೆಯೆತ್ತಿ ಅವಳನ್ನು ನೋಡಿದರು. ಇಲ್ಲಿಯವರೆಗೆ ಯಾರೂ ಅವರಿಗೆ ಹಾಗೆ ನೇರವಾಗಿ ಹೇಳಿರಲಿಲ್ಲವೋ ಏನೋ. ಗಲ್ಲ ಕೆರೆದುಕೊಂಡರು. “ನಾನು ಬಾಗಿಲಲ್ಲಿ ನಿಂತು ಕೇಳಿದೆ. ಆಕೆ ನಿನ್ನ ಮಾನ ಮೂರು ಕಾಸಿಗೆ ಹರಾಜು ಹಾಕ್ತಾ ಇದ್ಲು. ಸ್ವಂತ ನಾದಿನೀನ.”

“ಅದು ಕಡಿಮೆ. ಮನೇಲಿ ಇನ್ನೂ ಜಾಸ್ತಿ.”

“ಎಲ್ಲಾ ಸರಿಮಾಡೋಕಾಗುತ್ತಾ, ಅವರು ಹೇಳಿದ್ದು?”

“ಕಂಬ ಆಗಲ್ಲ. ಕಿಟಕಿ ಆಗಲ್ಲ. ಮಿಕ್ಕದ್ದು ಆಗುತ್ತೆ. ಅವರು ಇನ್ನೂ ಹೇಳದೇ ಇರೋದು ಇದೆ, ಅದನ್ನೂ ಕೇಳ್ಬೇಕು.”

“ಕೇಳು. ಪೂರ್ತಿ ಕೇಳಿದ ಮೇಲೆ ನಕ್ಷೆ ತಗೊಂಡು ಬಾ, ಸಹಿ ಹಾಕ್ತೀನಿ. ಬೇರೆಯವರ ಮಾತು ಬಿಟ್ಟೆ.” ಅವರು ಹೊರಡಲು ತಿರುಗಿದವರು ಮತ್ತೆ ನಿಂತರು. ಕಣ್ಣು ಕಿರಿದಾಯಿತು. “ಒಂದು ಅನುಮಾನ. ನಾನು ಬರೋದು ನೋಡಿ ಶುರುಮಾಡಿದ ಜಗಳ ಅಲ್ಲ ತಾನೇ ಇದು?”

“ನಮ್ಮತ್ತಿಗೆಗೆ ಹೊಗಳೋ ನಾಟಕವೇ ಸರಿಯಾಗಿ ಬರ್ಲಿಲ್ಲ,” ಎಂದಳು ಪುಟ್ಟಿ. “ಜಗಳದಲ್ಲಿ ನಾಟಕ ಮಾಡೋ ಅಗತ್ಯ ಅವರಿಗೆ ಯಾವತ್ತೂ ಬಂದಿಲ್ಲ.”

ಅಧ್ಯಕ್ಷರು ನಂಬಿದರೋ ಇಲ್ಲವೋ ಮುಖ ನೋಡಿ ತಿಳಿಯುವಂತಿರಲಿಲ್ಲ. ಅವರು ನಿಂತದ್ದು ಎಚ್ಚರದ ಕೋಣೆಯ ನಟ್ಟನಡುವೆ. ಹಜಾರದ ಬಾಗಿಲು ಎದುರಿಗೇ ಇತ್ತು, ನಡುವೆ ನೆಲದ ಮೇಲೆ ಒಂದು ಟೇಪಿನ ಗೆರೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಮುದುಕರು ಆ ಗೆರೆಯವರೆಗೆ ಹೋಗಿ, ಪಾದವೆತ್ತಿ, ತಡೆದು, ಕೆಳಗಿಟ್ಟರು. ಆಮೇಲೆ ಇಲ್ಲದ ಗೋಡೆಯ ಉದ್ದಕ್ಕೂ ನಡೆದು, ಸ್ಟ್ಯಾಂಡುಗಳು ನಿಂತಿದ್ದ ಜಾಗ ಹುಡುಕಿ, ಅವೆರಡರ ನಡುವಿನಿಂದ ಹೊರಗೆ ಹೋದರು.